ಸುಟ್ಟ ಕೋಣೆಯ ಟ್ರಂಕು

ಅಣ್ಣ ಕಟ್ಟಿಸಿದ ಮನೆ ಅತ್ತಿಗೆಯ ಪಾಲಾಯಿತೆಂಬ ಹೊಟ್ಟೆಕಿಚ್ಚಿಗೆ ಮೈದುನ ಪೆಟ್ರೋಲ್ ಸುರಿದು ಕಡ್ಡಿ ಗೀರಿದ್ದ. ಹೊಲಿಗೆ ಹಾಕಿ ಬದುಕುತ್ತಿದ್ದ ಆ ವಿಧವೆ ಅತ್ತೆಯನ್ನು ಎಳೆದುಕೊಂಡು ಹಿಂಬಾಗಿಲಿನಿಂದ ಹೇಗೋ ಪಾರಾದಳು.

ವಿಮೆ ಕಂಪನಿ ಕೇಳಿದ ಕಾಗದಗಳಿಗಾಗಿ ಅವಳು ಅಲೆದಲೆದು ಹೈರಾಣಾದಳು. ಅಗ್ನಿಶಾಮಕ ಠಾಣೆಯ ವರದಿ ಸಿಕ್ಕಿತು. ಪೊಲೀಸ್ ದೂರಿನಲ್ಲಿ ಮಾತ್ರ 'ಯಾರೋ ಅಪರಿಚಿತರು' ಎಂದಿತ್ತು.

"ಯಾರು ಹಚ್ಚಿದ್ದು ಅಂತ ಗೊತ್ತಾಗದಿದ್ರೆ, ದುಡ್ಡಿನಾಸೆಗೆ ನೀವೇ ಹಚ್ಕೊಂಡ್ರಿ ಅಂತಾರಮ್ಮ," ಎಂದ ನಷ್ಟ ನೋಡಲು ಬಂದಿದ್ದ ಕಂಪನಿಯವನು.

ಕಣ್ಣಾರೆ ಕಂಡವಳು ಅತ್ತೆಯೊಬ್ಬಳೇ. ಎಷ್ಟು ಕೇಳಿಕೊಂಡರೂ ಅವಳು ತುಟಿಪಿಟಕ್ಕೆನ್ನಲಿಲ್ಲ. ಹೆತ್ತ ಮಗ.

ಸಾಮಾನು ಕೊಂಡ ರಸೀದಿಗಳ ಟ್ರಂಕು ಕುಸಿದ ಕೋಣೆಯಲ್ಲಿ ಹೂತುಹೋಗಿತ್ತು. ಅತ್ತೆ ಸೊಸೆ ಹಾರೆ ಹಿಡಿದು ಹೋದರು. ಬೂದಿ ಕೆದಕಿ ಟ್ರಂಕನ್ನು ಈಚೆಗೆಳೆಯುವಷ್ಟರಲ್ಲಿ ಮೈದುನ ಬಂದು ನಿಂತ.

"ಅತ್ತಿಗೆ, ಅದನ್ನಿಲ್ಲಿ ಕೊಟ್ಬಿಡಿ. ವಿಮೆ ದುಡ್ಡು ಹೇಗೆ ಬರುತ್ತೋ ನೋಡ್ತೀನಿ."

"ಮನೆ ಸುಟ್ಟಿದ್ದು ಸಾಲ್ದೇನೋ ನಿಂಗೆ?"

"ಕೊಡೇ!"

ಜುಟ್ಟು ಹಿಡಿದು ಅವಳ ಮುಖವನ್ನು ಬೂದಿಗೆ ಅದುಮಿದ. ಬಾಯಿ, ಮೂಗಿನ ತುಂಬ ಮಸಿ. ಆದರೂ ಅವಳು ಟ್ರಂಕಿನ ಹಿಡಿಕೆ ಬಿಡಲಿಲ್ಲ. ಪಕ್ಕೆಗೆ ಒದ್ದ. ಆಮೇಲೆ ಹಿಡಿಕೆ ಹಿಡಿದಿದ್ದ ತೋಳನ್ನೇ ಬೆನ್ನ ಹಿಂದಕ್ಕೆ ತಿರುಚಿದ. ಮೂಳೆ ಲಟಕ್ಕೆಂದದ್ದು ಮೂವರಿಗೂ ಕೇಳಿಸಿತು.

"ಬಿಡೋ ಅವಳನ್ನ!" ಅತ್ತೆ ಚೀರಿದಳು.

"ಸುಮ್ನೆ ಬಿದ್ದಿರು ಮುದ್ಕಿ. ಅವತ್ತು ನೀನೂ ಒಳಗಿದ್ದೆ ಅಂತ ನಂಗೇನು ಗೊತ್ತಿರ್ಲಿಲ್ವಾ?"

ಅತ್ತೆ ಹಾರೆ ಎತ್ತಿ ಅವನ ಮಂಡಿಗೆ ಬೀಸಿದಳು. ಅವನು ಹೋ ಎಂದು ಉರುಳಿದ. ಹೆಗಲಿಗೆ ಇನ್ನೊಂದು ಬಿತ್ತು. ಮೂರನೆಯದು ತಲೆಗೆ ಇಳಿಯಬೇಕು, ಅಷ್ಟರಲ್ಲಿ ಸೊಸೆ ಒಂದೇ ಕೈಯಲ್ಲಿ ಅವಳ ಕಾಲು ತಬ್ಬಿಕೊಂಡಳು.

"ಬೇಡ ಅತ್ತೆ, ಸತ್ತೋಗ್ತಾನೆ!"

"ಸಾಯ್ಲಿ!" ಎಂದಳಾದರೂ ಅತ್ತೆ ಹಾರೆ ಬಿಸಾಕಿ, ಅಲ್ಲೇ ಕುಸಿದು ಕೂತು, ಮಗನ ರಕ್ತವನ್ನು ಸೆರಗಿನಿಂದ ಒರೆಸತೊಡಗಿದಳು. ಅವನು ಅವಳ ಕೈ ಕಚ್ಚಿದ. ಗದ್ದಲ ಕೇಳಿ ಓಡಿಬಂದ ಅಕ್ಕಪಕ್ಕದವರು ಅವನನ್ನು ಹಗ್ಗದಲ್ಲಿ ಕಟ್ಟಿಹಾಕಿದರು.

ಠಾಣೆಯಲ್ಲಿ ಅತ್ತೆ ತಡವರಿಸದೆ ಹೇಳಿದಳು. "ಬೆಂಕಿ ಹಚ್ಚಿದ್ದು ನನ್ ಮಗ. ನಾನೇ ನೋಡ್ದೆ. ಬರ್ಕೊಳ್ಳಿ."

ಆ ಹೇಳಿಕೆಯ ಪ್ರತಿ, ಅಂಚು ಸುಟ್ಟ ರಸೀದಿಗಳು, ಫೋಟೋಗಳು ಎಲ್ಲ ಕಂಪನಿಗೆ ಹೋದವು. ಸತಾಯಿಸಿದರೂ ಕೊನೆಗೆ ಪರಿಹಾರ ಮಂಜೂರಾಯಿತು, ಗೋಡೆ ಎದ್ದಿತು.

ಮಗನನ್ನು ನೋಡಲು ಅತ್ತೆ ಜೈಲಿಗೆ ಹೋದಾಗಲೆಲ್ಲ ಅವನು ಈಚೆ ಬರಲೊಲ್ಲ. ಹೋದ ಸಲ ಸೊಸೆಯೂ ಸರಿಯಾಗಿ ಮಡಚಲು ಬಾರದ ತೋಳಿನಲ್ಲೇ ಸೀರೆ ಸುತ್ತಿಕೊಂಡು ಹೊರಟಳು.

"ನೀನ್ಯಾಕೆ ಬರ್ತೀಯೇ?"

"ಅವನನ್ನ ನೋಡೋಕಲ್ಲ. ಬರುವಾಗ ಬಸ್ಸಲ್ಲಿ ನೀವೊಬ್ರೇ ಅಳ್ತಾ ಕೂರೋದು ಬೇಡ ಅಂತ."