ಲೆಕ್ಕಕ್ಕೆ ಸಿಗದ ಎಣ್ಣೆ

ತೂಕದ ಯಂತ್ರದಿಂದ ಇಳಿದು ಅವಳು ಮತ್ತೆ ಹತ್ತಿದಳು. ಮುಳ್ಳು ನಿನ್ನೆಯ ಜಾಗಕ್ಕೇ ಬಂದು ನಿಂತಿತು. ಬಳೆ, ಕಿವಿಯ ಓಲೆ ತೆಗೆದಿಟ್ಟು ಇನ್ನೊಮ್ಮೆ ಹತ್ತಿದಳು. ಉಸಿರು ಬಿಗಿಹಿಡಿದು ನಿಂತರೂ ಮುಳ್ಳಿಗೆ ಕರುಣೆ ಬರಲಿಲ್ಲ.

"ಓಲೆ ತೆಗೆದ್ರೆ ಎಷ್ಟು ಇಳೀತೀಯೇ ಅಕ್ಕ? ಹಲ್ಲೂ ಕಿತ್ತಿಡು," ಎಂದ ತಮ್ಮ, ಹಾಸಿಗೆಯಲ್ಲಿ ಮಲಗಿಕೊಂಡೇ.

"ನಿನ್ನ ಹಲ್ಲು ಮೊದಲು ಕೀಳ್ತೀನಿ, ಸುಮ್ನಿರು."

ಅವನು ನಕ್ಕ. ನಕ್ಕಾಗ ಅವನ ಕಣ್ಣಿನ ಹಳದಿ ಇನ್ನಷ್ಟು ಎದ್ದು ಕಂಡಿತು. ಹೋದ ಚಳಿಗಾಲದಲ್ಲಿ ಬಸ್ಸು ಓಡಿಸುತ್ತಿದ್ದವನು ಈಗ ಬಚ್ಚಲಿಗೆ ಹೋಗಿಬರಲು ಗೋಡೆ ಹಿಡಿಯುತ್ತಿದ್ದ. ಕೈಕಾಲು ಕಡ್ಡಿಯಾಗಿ, ಹೊಟ್ಟೆಯಲ್ಲಿ ಮಾತ್ರ ನೀರು ತುಂಬಿಕೊಂಡಿತ್ತು. ಅವನ ಲಿವರ್ ಕೈಕೊಟ್ಟಿತ್ತು. ಅಕ್ಕನದರಲ್ಲಿ ಒಂದು ಭಾಗ ಕತ್ತರಿಸಿ ಹಾಕಬಹುದು, ರಕ್ತವೂ ಹೊಂದುತ್ತದೆ ಎಂದು ಡಾಕ್ಟರು ಹೇಳಿದಾಗ ಮನೆಯವರೆಲ್ಲ ಹೋದ ಜೀವ ಬಂದಂತೆ ಕೂತಿದ್ದರು. ಆದರೆ ಅವಳ ಸ್ಕ್ಯಾನ್ ನೋಡಿ ಅದೇ ಡಾಕ್ಟರು ಆಗದೆಂದು ತಲೆಯಾಡಿಸಿದ್ದರು. "ಇದರಲ್ಲಿ ಕೊಬ್ಬು ಸೇರಿಕೊಂಡಿದೆಯಮ್ಮ. ತೂಕ ಇಳಿಸಿ, ಕೊಬ್ಬು ಕರಗುತ್ತೆ. ಹೀಗೇ ಇದ್ರೆ ನಾವು ಮುಟ್ಟಲ್ಲ."

"ಕಸಾಯಿ ಅಂಗಡೀಲಿ ಕೇಳಿದ ಹಾಗಾಯ್ತು. ಕೊಬ್ಬಿಲ್ಲದ ತುಂಡು ಕೊಡಪ್ಪ ಅಂತ," ಎಂದು ತಮ್ಮ ಆ ದಿನವೂ ನಗಿಸಿದ್ದ.

ಮರುಸ್ಕ್ಯಾನ್ ಬರುವ ವಾರದ ಕೊನೆಗೆ. ಅದರಲ್ಲಿಯೂ ಆಗದಿದ್ದರೆ ಅವನ ಹೆಸರು ಬೇರೆಯವರ ಲಿವರಿಗಾಗಿ ಕಾಯುವವರ ಸಾಲಿಗೆ ಹೋಗುತ್ತದೆ. ಆ ಸಾಲು ಎಷ್ಟು ಉದ್ದ ಎಂದು ಕೇಳಿದಾಗ ಡಾಕ್ಟರು ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿದ್ದರು.

ಅಂದಿನಿಂದ ಅವಳ ಬದುಕೆಲ್ಲ ಕ್ಯಾಲರಿ. ಅಡುಗೆಮನೆಗೊಂದು ಪುಟ್ಟ ತಕ್ಕಡಿ ಬಂತು. ಬೆಳಗ್ಗೆ ಎದ್ದವಳೇ ಅಕ್ಕಿ, ಬೇಳೆ, ತರಕಾರಿಗಳನ್ನು ತೂಗಿ ಬೇರೆ ಬೇರೆ ಬಟ್ಟಲಿಗೆ ಹಾಕುವಳು. ದಿನಕ್ಕೆ ಒಂದೇ ಚಮಚ ಎಣ್ಣೆ, ಅದೂ ಚಮಚದ ಅಂಚಿಗೆ ಬೆರಳೆಳೆದು ಸಮ ಮಾಡಿದ್ದು. ಬೇಯಿಸಿ ಡಬ್ಬಿಗೆ ತುಂಬುವ ಕೆಲಸ ಅಮ್ಮನದು. ಮೊದಮೊದಲು ಹೊಲಿಗೆ ಬಿಚ್ಚಿದಂತೆ ತೂಕ ಸರಸರನೆ ಇಳಿದಿತ್ತು. ಆಮೇಲೆ ಏನಾಯಿತೋ, ಮೂರು ವಾರದಿಂದ ಮುಳ್ಳು ಅಲುಗಾಡುತ್ತಿಲ್ಲ. ಅವಳು ಅನ್ನ ಇನ್ನಷ್ಟು ಕಡಿಮೆ ಮಾಡಿದಳು, ತಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ನಡೆದೇ ಹೋಗತೊಡಗಿದಳು. ಊಹೂಂ.

ಮೊದಲೆಲ್ಲ ಬಟ್ಟಲು ನೋಡಿ "ಇಷ್ಟೇನಾ? ಗುಬ್ಬಚ್ಚಿಗಾ?" ಎಂದು ಗೊಣಗುತ್ತಿದ್ದ ಅಮ್ಮ ಈಚೆಗೆ ಏನೂ ಅನ್ನುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ಒತ್ತಿ ಕೈಗೆ ಕೊಟ್ಟು, "ಹುಷಾರು," ಎನ್ನುವಳು, ಅಷ್ಟೆ.

ಅಂಗಡಿಯಲ್ಲಿ ಅಂದು ಕೈತುಂಬ ಕೆಲಸ. ಅವಳು ಬೇಗ ಬೇಗ ಊಟ ಮುಗಿಸಿ, ಡಬ್ಬಿ ಪಕ್ಕಕ್ಕಿಟ್ಟು, ಕೈಗೆ ಒಂದಿಷ್ಟು ನೀರು ಹಾಕಿಕೊಂಡು ಒರೆಸಿ ಯಂತ್ರದ ಮುಂದೆ ಕೂತಳು. ಮದುವೆಯ ಹುಡುಗಿಯ ಬಿಳಿ ಸ್ಯಾಟಿನ್ ರವಿಕೆ. ತೋಳು ಜೋಡಿಸಲು ಬಟ್ಟೆ ಮಡಚಿ ಹಿಡಿದಳು. ಬಿಟ್ಟಾಗ ಹೆಬ್ಬೆರಳಿನ ಗುರುತು ಅಲ್ಲೇ ಉಳಿದಿತ್ತು.

"ಅದು ಮದುವೆ ಬಟ್ಟೆ, ಮಹಾತಾಯಿ!" ಕತ್ತರಿ ಹಿಡಿದಿದ್ದ ಮಾಸ್ಟರು ಎದ್ದು ಬಂದರು. "ಪಥ್ಯ ಪಥ್ಯ ಅಂತ ಊರಿಗೆಲ್ಲ ಹೇಳಿ ಇಲ್ಲಿ ಬೋಂಡಾ ಹೊಡೀತಿದ್ದೀಯಾ?"

"ಇಲ್ಲ ಮಾಸ್ಟ್ರೇ. ಬರೀ ಪಲ್ಯ."

"ಪಲ್ಯಕ್ಕೆ ಹೀಗಾಗುತ್ತಾ? ಇದು ಎಣ್ಣೆ ಕಲೆ. ಮೂವತ್ತು ವರ್ಷದಿಂದ ತೆಗೀತಿದ್ದೀನಿ." ಅವರು ಬೈಯುತ್ತಲೇ ಸೀಮೆಸುಣ್ಣ ಕೆರೆದು ಕಲೆಯ ಮೇಲೆ ಉದುರಿಸಿದರು. "ಹೀರಿಕೊಳ್ಳಲಿ. ಕೈ ಸೋಪು ಹಾಕಿ ತೊಳ್ಕೊಂಡು ಬಾ."

ಅವಳು ಕೈ ತೊಳೆಯಲು ಹೋಗಲಿಲ್ಲ. ಅಳತೆ ಬರೆಯುವ ಕಾಗದದ ಒಂದು ಚೂರು ಹರಿದು ಖಾಲಿ ಡಬ್ಬಿಯ ತಳ ಒರೆಸಿದಳು. ಕಾಗದ ನೆನೆದು ಗಾಜಿನಂತಾಯಿತು. ಹಿಂದೆ ಹಿಡಿದ ಅವಳ ಬೆರಳು ಅದರೊಳಗಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಚಮಚದ ಎಣ್ಣೆಯಲ್ಲ ಇದು. ನಾಲ್ಕೋ ಐದೋ.

ಮಾಸ್ಟರಿಗೆ ಹೇಳಿ ಅವಳು ಮನೆಗೆ ಹೊರಟಳು. ಕಾಗದದ ಚೂರು ಮುಷ್ಟಿಯಲ್ಲೇ ಇತ್ತು. ಬಂದದ್ದು ಸಿಟ್ಟೋ, ಹೆದರಿಕೆಯೋ ಅವಳಿಗೇ ತಿಳಿಯಲಿಲ್ಲ.

ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಮಗಳು ಕಾಗದದ ಚೂರನ್ನು ಕಟ್ಟೆಯ ಮೇಲಿಟ್ಟಳು. ಅಮ್ಮ ಅದನ್ನು ನೋಡಿದಳು. ಏನಿದು ಎಂದು ಕೇಳಲಿಲ್ಲ.

"ಎಷ್ಟು ದಿನದಿಂದ ಹಾಕ್ತಿದ್ದೀಯಮ್ಮ?"

ಅಮ್ಮ ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದಳು.

"ಪಲ್ಯಕ್ಕೆ ಮಾತ್ರನಾ? ಅನ್ನಕ್ಕೂನಾ?"

"ಅನ್ನಕ್ಕೆ ಬೆಣ್ಣೆ," ಎಂದಳು ಅಮ್ಮ ಮೆಲ್ಲಗೆ. "ಬಿಸಿ ಇರೋವಾಗ ಕಲಸಿದ್ರೆ ಗೊತ್ತಾಗಲ್ಲ."

"ಅಮ್ಮಾ! ನಾನು ಹಸಿವಲ್ಲಿ ಸಾಯ್ತಿದ್ದೀನಿ, ನೀರು ಕುಡಿದು ಕುಡಿದು ಮಲಗ್ತಿದ್ದೀನಿ. ಅವನ ಮುಖ ನೋಡಿದ್ದೀಯಾ ನೀನು?"

"ನೋಡ್ದೆ ಇರ್ತೀನಾ? ಹೆತ್ತಿದ್ದು ನಾನು." ಅಮ್ಮ ಬಟ್ಟೆ ಕೆಳಗಿಟ್ಟಳು. "ಮೂರು ವಾರದ ಹಿಂದೆ ಆಸ್ಪತ್ರೇಲಿ ನಿನ್ನ ಹೊರಗೆ ಕೂರಿಸಿ ಡಾಕ್ಟ್ರು ನನ್ನ ಒಳಗೆ ಕರೆದ್ರಲ್ಲ. ಕೊಡೋವ್ರಿಗೂ ಅಪಾಯ ಇರುತ್ತೆ, ಸಾವಿರದಲ್ಲಿ ಒಬ್ಬರಿಗೋ ಇಬ್ಬರಿಗೋ ಅಂದ್ರು. ಕಡಿಮೆನೇ, ಹೆದರ್ಕೋಬೇಡಿ ಅಂದ್ರು. ಆ ಒಬ್ಬರಿಗೂ ಅಮ್ಮ ಇರ್ತಾಳಲ್ಲವೇನೇ?"

ಮಗಳು ಕಟ್ಟೆಯ ಮೇಲಿನ ಕಾಗದವನ್ನು ಮಡಚತೊಡಗಿದಳು.

"ಇಬ್ಬರನ್ನೂ ಒಂದೇ ದಿನ ಒಳಗೆ ಕಳಿಸಿ ನಾನು ಬೆಂಚಿನ ಮೇಲೆ ಕೂತಿರ್ಬೇಕು. ಬಾಗಿಲು ತೆಗೆದಾಗ ಯಾರ ಸುದ್ದಿ ಮೊದಲು ಕೇಳ್ಲಿ? ತೂಕ ಇಳೀದೇ ಹೋದ್ರೆ ನಿನ್ನ ತಪ್ಪಲ್ಲ, ನನ್ನ ತಪ್ಪಲ್ಲ, ದೇವರ ಇಚ್ಛೆ ಅಂತ... ಹಾಗಂದ್ಕೊಂಡೆ. ಕೈ ತಾನಾಗೇ ಹೋಯ್ತು. ಪ್ರತಿಸಲ ನಾಳೆ ಹಾಕಲ್ಲ ಅಂದ್ಕೋತಿದ್ದೆ."

ಗೋಡೆಗೆ ಏನೋ ಉಜ್ಜಿದ ಸದ್ದಾಯಿತು. ತಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಅಷ್ಟು ದೂರ ನಡೆದದ್ದಕ್ಕೇ ಏದುಸಿರು ಬರುತ್ತಿತ್ತು.

"ಅಮ್ಮ ಮಾಡಿದ್ದು ಸರೀನೇ ಅಕ್ಕ. ಬಿಟ್ಬಿಡು. ಸಾಲಲ್ಲಿ ನಿಲ್ತೀನಿ. ಬಸ್ಸಿಗೆ ಜನ ಕಾಯೋದು ನೋಡಿಲ್ವಾ ನಾನು?"

"ನಿನ್ನ ಯಾರೋ ಕೇಳಿದ್ದು?" ಎಂದಳು ಅಕ್ಕ.

"ಬಾಯ್ಮುಚ್ಕೊಂಡು ಹೋಗಿ ಮಲಕ್ಕೋ!" ಎಂದಳು ಅಮ್ಮ, ಅದೇ ಗಳಿಗೆಯಲ್ಲಿ.

ಇಬ್ಬರೂ ಒಟ್ಟಿಗೆ ಹೋಗಿ ಅವನ ಒಂದೊಂದು ತೋಳು ಹಿಡಿದರು. ಹಾಸಿಗೆಯ ತನಕ ನಡೆಸಿಕೊಂಡು ಹೋದರು. ಹೊದಿಕೆ ಸರಿಮಾಡುವಾಗ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಅಡುಗೆಮನೆಗೆ ಮರಳಿ ಮಗಳು ತಕ್ಕಡಿಯನ್ನು ಅಮ್ಮನ ಮುಂದಕ್ಕೆ ಸರಿಸಿದಳು.

"ಇವತ್ತಿಂದ ನಾನು ತೂಗಲ್ಲ. ತೂಗೋದೂ ನೀನೇ, ಬೇಯಿಸೋದೂ ನೀನೇ. ನಾನು ಈ ಕಡೆ ತಲೆ ಹಾಕಲ್ಲ. ನೀನು ಕೊಟ್ಟಿದ್ದನ್ನ ಕೇಳ್ದೆ ತಿಂತೀನಿ."

"ನನ್ನ ಕೈಗೆ ಯಾಕೆ ಕೊಡ್ತೀಯೇ?" ಅಮ್ಮ ಹಿಂದೆ ಸರಿದಳು. "ನನ್ನ ಕೈಲಾಗಲ್ಲ."

"ಇನ್ಯಾರ ಕೈಗೆ ಕೊಡ್ಲಿ? ನನಗೂ ಭಯ ಇದೆಯಮ್ಮ."

ಅಷ್ಟು ಹೇಳಿ ಅವಳು ಹೊರಗೆ ಬಂದುಬಿಟ್ಟಳು.

ಸಂಜೆ ಅವಳು ತಮ್ಮನ ಕೋಣೆಯಲ್ಲಿ ಅಡುಗೆಮನೆಗೆ ಬೆನ್ನು ಹಾಕಿ ಕೂತಿದ್ದಳು. ಕೈಯಲ್ಲಿ ಗುಂಡಿ ಹಚ್ಚುವ ಕೆಲಸ, ಕಿವಿ ಮಾತ್ರ ಒಳಗೆ. ನೀರು ಕುದಿಯುವ ಸದ್ದು. ಚಾಕು ಹಲಗೆಗೆ ತಾಗುವ ಸದ್ದು. ಒಂದು ಮುಚ್ಚಳ ತಿರುಗಿಸಿದ ಸದ್ದು. ಅವಳ ಸೂಜಿ ನಿಂತಿತು. ಬಹಳ ಹೊತ್ತು ಒಳಗೆ ಏನೂ ಕೇಳಿಸಲಿಲ್ಲ. ಆಮೇಲೆ ಮುಚ್ಚಳ ಮತ್ತೆ ತಿರುಗಿತು. ಎಣ್ಣೆ ಸುರಿಯಿತೋ ಇಲ್ಲವೋ, ಕೂತಲ್ಲಿಂದ ಹೇಳುವಂತಿರಲಿಲ್ಲ.

"ತಿರುಗಿ ನೋಡಲಾ?" ಎಂದು ತಮ್ಮ ಪಿಸುಗುಟ್ಟಿದ.

"ಬೇಡ."

ಅಮ್ಮ ತಟ್ಟೆ ತಂದು ಮಗಳ ಮುಂದಿಟ್ಟಳು. ಬೇಯಿಸಿದ ಸೊಪ್ಪು, ಬೇಳೆ, ಆಲೂಗಡ್ಡೆಯ ಕೆಲವು ಹೋಳು. ಹಬೆಯಾಡುತ್ತಿತ್ತು. ಮಗಳು ಕೈ ಚಾಚಿದಳು.

"ತಾಳು," ಎಂದಳು ಅಮ್ಮ.

ಅವಳು ಬಗ್ಗಿ ತಟ್ಟೆಯಿಂದ ಒಂದು ಹೋಳು ಆಲೂಗಡ್ಡೆ ಎತ್ತಿಕೊಂಡಳು. "ಒಂದು ಚೂರು ಜಾಸ್ತಿ ಇತ್ತು."

"ಇರ್ಲಿ ಬಿಡಮ್ಮ, ಅಷ್ಟು..."

"ಇಲ್ಲ. ನೀನು ತಿನ್ನು."

ಮಗಳು ತಲೆ ತಗ್ಗಿಸಿ ಮೊದಲ ತುತ್ತು ಬಾಯಿಗಿಟ್ಟಳು. ಅಮ್ಮ ಹೋಗಲಿಲ್ಲ. ಸುಡುವ ಹೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವಳಂತೆ, ಇಬ್ಬರು ಮಕ್ಕಳ ನಡುವೆ ನಿಂತೇ ಇದ್ದಳು.