ಕೊಕ್ಕರೆಯ ಕಾಲಿನ ಗೆರೆ

ಅಕ್ಕ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ತಮ್ಮ ಅದೇ ಬೀದಿಯ ತಿರುವಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. “ನಮ್ಮಕ್ಕ ಜನರ ಮೂಳೆ ತೋರಿಸ್ತಾಳೆ, ನಾನು ಮೊಡವೆ ಮುಚ್ತೀನಿ” ಎಂದು ಬಂದವರ ಮುಂದೆಲ್ಲ ಅವನು ನಗೆಯಾಡುತ್ತಿದ್ದ.

ರಜೆಯ ದಿನ ಅಕ್ಕ ಕ್ಯಾಮೆರಾ ಹೆಗಲಿಗೇರಿಸಿ ಕೆರೆಯ ಕಡೆ ಹೊರಟಳೆಂದರೆ ಊಟ ತಿಂಡಿಯ ಪರಿವೆ ಇರುತ್ತಿರಲಿಲ್ಲ. ಗುಬ್ಬಿ ಗಿಳಿಗಳ ಗೊಡವೆ ಅವಳಿಗಿಲ್ಲ. ನೀರಿನಲ್ಲಿ ಗಂಟೆಗಟ್ಟಲೆ ತಪಸ್ಸಿಗೆ ನಿಂತಂತಿರುವ ದೊಡ್ಡ ಕೊಕ್ಕರೆಗಳೇ ಆಗಬೇಕು. ತನ್ನದೊಂದು ಚಿತ್ರ ಪಕ್ಷಿಪ್ರಿಯರ ಸಂಘದ ಪ್ರದರ್ಶನದಲ್ಲಿ ಗೋಡೆಗೇರಬೇಕೆಂಬುದು ಬಹುಕಾಲದ ಆಸೆ. ಈ ಸಲ ಸಿಕ್ಕಿದ್ದು ಅಂಥ ಚಿತ್ರವೇ. ಮರುದಿನ ಬೆಳಿಗ್ಗೆಯೇ ಒಪ್ಪಿಸಬೇಕಿತ್ತು.

ಸಂಜೆ ಅವಳು ಸ್ಟುಡಿಯೋಗೆ ಬರುವ ಹೊತ್ತಿಗೆ ಅವಳು ಕೊಟ್ಟಿದ್ದ ಚಿತ್ರವನ್ನು ತಮ್ಮ ತಿದ್ದಿಟ್ಟಿದ್ದ. ಮಬ್ಬಾಗಿದ್ದ ರೆಕ್ಕೆಯಡಿಗೆ ಬೆಳಕು ಬಂದಿತ್ತು. ಗರಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

“ಕನ್ನಡೀಲಿ ಕಂಡಂಗೆ ಮಗುಚಿ, ಮುಖಾನೂ ಈ ಕಡೆ ತಿರುಗಿಸಿದೀನಿ. ಮದುವೆ ಫೋಟೋದಲ್ಲೂ ಅಷ್ಟೆ, ಮದುಮಗಳು ಬಲಕ್ಕೆ ನೋಡಿದ್ರೇ ಲಕ್ಷಣ.”

ಅಕ್ಕ ಕನ್ನಡಕ ಏರಿಸಿಕೊಂಡು ನೋಡಿದಳು. “ಕಾಲ ಮೇಲೊಂದು ಗೆರೆ ಇತ್ತಲ್ಲೋ?”

“ಏನೋ ಕಸ, ಅಳಿಸಿಬಿಟ್ಟೆ. ಮದುಮಗಳ ಕೆನ್ನೆ ಮೇಲೆ ಕೂದಲು ಬಿದ್ರೆ ಬಿಡ್ತೀನಾ?”

“ಮೊದಲಿನದ್ದನ್ನ ತೆಗಿ.”

ಅವನು ತೆಗೆದು ದೊಡ್ಡದು ಮಾಡಿದ. ಗೆರೆ ಕಾಲಿನ ಹಿಂದೆ ಹೋಗಿ ಮತ್ತೆ ಮುಂದೆ ಬಂದಿತ್ತು. ಅದರ ಕೆಳಗೆ ಕಾಲು ಊದಿಕೊಂಡಿತ್ತು. ಮೀನು ಹಿಡಿಯುವ ಗಾಳದ ದಾರ.

ತಮ್ಮನ ನಗು ನಿಂತಿತು.

ಅಕ್ಕ ಸಂಘದ ಪಶುವೈದ್ಯರಿಗೆ ಫೋನ್ ಮಾಡಿದಳು. ಯಾವ ಕಾಲು ಎಂದು ಅವರು ಕೇಳಿದಾಗ ತಿದ್ದಿದ್ದರಲ್ಲಿ ಎಡಬಲ ಅದಲುಬದಲಾಗಿದ್ದರಿಂದ, ಮೊದಲಿನ ಚಿತ್ರ ನೋಡಿಯೇ ಎಡಗಾಲು ಎಂದಳು.

“ಬಿಟ್ರೆ ಕಾಲು ಕೊಳೆಯುತ್ತೆ ಮೇಡಂ. ಬೆಳಗಾಗ್ತಿದ್ದಂಗೆ ಬಲೆ ತರ್ತೀನಿ. ಹಿಂಡಿನಲ್ಲಿ ಯಾವುದು ಅಂತ ತೋರಿಸೋಕೆ ನೀವು ಇರ್ಲೇಬೇಕು. ದಾರ ಕಾಣೋ ಚಿತ್ರ ಕಳಿಸಿ.”

“ನೀನು ಹೋಗು. ಪ್ರದರ್ಶನಕ್ಕೆ ನಾನು ಕೊಟ್ಟು ಬರ್ತೀನಿ” ಎಂದ ತಮ್ಮ.

“ಯಾವುದನ್ನ? ದಾರ ಇಲ್ಲದ್ದು ಆ ಹಕ್ಕಿಯೇ ಅಲ್ಲ ಕಣೋ. ದಾರ ಇರೋದನ್ನ ಚಂದ ಅಂತ ತೂಗುಹಾಕೋಕೆ ನಂಗೆ ಮನಸ್ಸು ಬರಲ್ಲ.”

ಅವನು ಮತ್ತೆ ಕುಳಿತು, ಈ ಸಲ ಮೊದಲಿನ ಚಿತ್ರದಲ್ಲೇ ಗರಿಯ ಚಂದವನ್ನೆಲ್ಲ ಕೆಡಿಸಿ, ನೀರನ್ನು ಬೂದಿ ಬಣ್ಣಕ್ಕಿಳಿಸಿ, ದಾರವೊಂದೇ ಬೆಳ್ಳಗೆ ಎದ್ದು ಕಾಣುವಂತೆ ಮಾಡಿ ವೈದ್ಯರಿಗೆ ಕಳಿಸಿದ. ಕೈಯಲ್ಲಿದ್ದ ಮದುವೆಯ ಆಲ್ಬಮ್ಮಿನ ಕೆಲಸವನ್ನು ಪಕ್ಕಕ್ಕಿಟ್ಟು, ಬೆಳಿಗ್ಗೆ ಅಂಗಡಿ ತೆರೆಯುವುದಿಲ್ಲವೆಂದು ಗಿರಾಕಿಗೆ ಹೇಳಿದ. ಮುಂಜಾನೆ ಬೈಕ್ ತಂದು ಅಕ್ಕನ ಬಾಗಿಲಲ್ಲಿ ನಿಂತಿದ್ದ.

ಹಕ್ಕಿ ನಿತ್ರಾಣವಾಗಿತ್ತು, ಬಲೆಗೆ ಬೇಗ ಸಿಕ್ಕಿತು. ಅಕ್ಕ ಅದರ ಉದ್ದ ಕೊಕ್ಕನ್ನು ಟವೆಲಿನಲ್ಲಿ ಸುತ್ತಿ ಹಿಡಿದಳು. ತಮ್ಮ ಕೆಸರಲ್ಲಿ ಮಂಡಿಯೂರಿ, ಮಗುವಿನದೇನೋ ಎಂಬಂತೆ, ಕಾಲನ್ನು ಅಲುಗದ ಹಾಗೆ ಹಿಡಿದುಕೊಂಡ. ವೈದ್ಯರು ದಾರ ಕತ್ತರಿಸಿ, ಗಾಯ ತೊಳೆದು ಮುಲಾಮು ಹಚ್ಚಿದರು.

“ಉಳಿಯುತ್ತಾ ಡಾಕ್ಟ್ರೇ?”

“ನೋಡೋಣ.”

ಬಿಟ್ಟೊಡನೆ ಹಕ್ಕಿ ಕುಂಟುತ್ತ ನೀರಿಗಿಳಿದು, ಸ್ವಲ್ಪ ದೂರ ಹೋಗಿ, ಎಡಗಾಲು ಮಡಚಿ ಒಂಟಿಕಾಲಲ್ಲಿ ನಿಂತಿತು. ಅದು ನೋವಿಗೋ, ಕೊಕ್ಕರೆಗಳ ಅಭ್ಯಾಸಕ್ಕೋ ಎಂದು ದಡದಲ್ಲಿದ್ದ ಮೂವರಿಗೂ ತಿಳಿಯಲಿಲ್ಲ. ಅದು ಕಾಲು ಊರುವುದನ್ನು ನೋಡಿಕೊಂಡೇ ಹೋಗೋಣವೆಂದು ಕಾಯುತ್ತ ಕುಳಿತರು.