ಟೇಪಿಗೆ ಕೇಳಿಸದ ಉತ್ತರ

ಬುಧವಾರ ಮಧ್ಯಾಹ್ನವಾಯಿತೆಂದರೆ ವರ್ನಾ ಲಿಂಡ್‌ಕ್ವಿಸ್ಟ್‌ಳ ಕೋಣೆಯಲ್ಲಿ ಐದಾರು ಜನ ಮೇಜಿನ ಸುತ್ತ ಕೂತು ಪರರ ಮಾತಿಗೆ ಕಿವಿಗೊಡುತ್ತಾರೆ. ಭಾಷಾವಿಜ್ಞಾನಿಗಳಾದ ಅವರಿಗೆ ಅದಕ್ಕೆ ವಿಶ್ವವಿದ್ಯಾಲಯ ಸಂಬಳವನ್ನೂ ಕೊಡುತ್ತದೆ. ಯಾರದೋ ಮನೆಯ ಹರಟೆಯ ಟೇಪನ್ನು ಅರ್ಧ ನಿಮಿಷ ಹಾಕುವುದು, ಮತ್ತೆ ಹಾಕುವುದು, ಮತ್ತೂ ಹಾಕುವುದು. ಎಲ್ಲಿ ತಡವರಿಸಿದರು, ಎಲ್ಲಿ ಉಸಿರೆಳೆದರು, ಎಲ್ಲಿ ಸುಮ್ಮನಾದರು ಎಂದು ಹಾಳೆಯ ಮೇಲೆ ಗುರುತು ಮಾಡುವುದು. ಕಣ್ಣಿಗೆ ಕಂಡು ಕಿವಿಗೆ ಕೇಳಿಸದ್ದೇನಾದರೂ ಇದ್ದರೆ ಅದಕ್ಕೆ ಜೋಡಿ ಕಂಸ. ಉಳಿದಂತೆ ನಿಯಮ ಒಂದೇ: ಟೇಪಿನಲ್ಲಿ ಇಲ್ಲದ್ದನ್ನು ಯಾರೂ ಆಡಕೂಡದು. ಮಾತಾಡಿದವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಿದವರು ಎಲ್ಲರಿಗೂ ಕಾಫಿ ತರಬೇಕು. ಈ ನಿಯಮ ಮಾಡಿದವಳು ವರ್ನಾಳೇ.

ಆ ಬುಧವಾರ ಕ್ಲೈಡ್ ಹಾಲೊರನ್ ಕೂಡ ಬಂದಿದ್ದ. ಪಕ್ಕದ ಕೋಣೆಯವನಾದರೂ ಅವನ ಹಾದಿ ಬೇರೆ. ಅವನದೇನಿದ್ದರೂ ಬರೆದ ಭಾಷೆ: ಹಳೆಯ ಪತ್ರಿಕೆ, ಅರ್ಜಿ, ನಗರಸಭೆಯ ನೋಟೀಸು. ಯಾವ ಪದ ಯಾವುದರ ಪಕ್ಕ ಕೂರುತ್ತದೆ, ಯಾವುದನ್ನು ಕಂಡರೆ ದೂರ ಸರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಎಣಿಸುತ್ತಾನೆ. ಓದುವ ಕಾಲದಲ್ಲಿ ಇಬ್ಬರೂ ಒಂದೇ ಟೇಪ್ ರೆಕಾರ್ಡರ್ ಹೊತ್ತು ತಿರುಗಿದವರು. ಒಂದು ಬೇಸಿಗೆ ಊರಿಗೆ ಹೋಗಿ ಬಂದವನು, ಮಾತಿನ ಸಹವಾಸ ಸಾಕು ಎಂದು ಕಾಗದದ ಕಡೆ ಹೊರಟುಹೋದ. ಯಾಕೆಂದು ವರ್ನಾ ಕೇಳಲಿಲ್ಲ. ಅವನು ನಡೀನಳನ್ನು ಮದುವೆಯಾದ ದಿನ ಕೇಕ್ ತಿಂದು, ಎಲ್ಲರೊಡನೆ ನಕ್ಕು, ಮನೆಗೆ ಬಂದು ಬಟ್ಟೆಯನ್ನೂ ಬದಲಿಸದೆ ಮಲಗಿದಳು. ಗೋಡೆಯಾಚೆ ಅವನು ಕೆಮ್ಮಿದರೆ ಇಂದಿಗೂ ಅವಳ ಕೈ ಕೆಲಸ ನಿಲ್ಲುತ್ತದೆ. ಅವನು ಬೇಕಿತ್ತು, ಸಿಗಲಿಲ್ಲ, ಅದಿರಲಿ. ಆ ಬೇಸಿಗೆ ತನ್ನನ್ನೂ ಊರಿಗೆ ಕರೆದವನು ಆ ಕ್ಷಣದಲ್ಲೇ ಬೇಡವೆಂದದ್ದು ಯಾಕೆ, ಅಷ್ಟು ತಿಳಿದಿದ್ದರೆ ಸಾಕಿತ್ತು. ಈಗ ಅವನು ನಿವೃತ್ತನಾಗಿ ಶನಿವಾರ ಹೆಂಡತಿಯೊಡನೆ ಉತ್ತರಕ್ಕೆ, ಯುರೀಕಾದಲ್ಲಿರುವ ಅಪ್ಪನ ಮನೆಗೆ ಹೊರಟುಬಿಡುತ್ತಾನೆ.

"ಏನಪ್ಪಾ, ಕಾಗದದ ಹುಳ ಇವತ್ತು ಹೊರಗೆ ಬಂದಿದೆ?" ವರ್ನಾ ಕೆಣಕಿದಳು.

"ಹೋಗೋಕ್ ಮುಂಚೆ ನಿಮ್ಮ ಚಾಡಿಕೋರರ ಸಂಘ ಒಂದ್ಸಲ ನೋಡೋಣ ಅಂತ. ಒಂದು ಕೆಮ್ಮು ಸಿಕ್ಕಿದ್ರೆ ಪುಸ್ತಕ ಬರೆಯೋ ಜನ ನೀವು."

"ಲಕ್ಷ ಪದ ಎಣಿಸಿ ಒಬ್ಬ ಮನುಷ್ಯನ್ನೂ ಕಾಣದೆ ಇರೋದಕ್ಕಿಂತ ವಾಸಿ ಬಿಡು."

ಹೊಸ ಅಧ್ಯಾಪಕಿ ಕನ್ಸ್ವೆಲೊ ವಿಭಾಗದ ಹಳೆಯ ಕ್ಯಾಸೆಟ್ ಪೆಟ್ಟಿಗೆಯಿಂದ ಒಂದನ್ನು ಆರಿಸಿ ತಂದಿದ್ದಳು. ಅದರಲ್ಲಿ ಎಲ್ಲರಿಗೂ ಸುಳ್ಳು ಹೆಸರು. ಕಸುಬಿನ ಮರ್ಯಾದೆ ಅದು. "ಇವರು ಬರ್ಟ್ ಮತ್ತೆ ಜಾಯ್ಸ್. ಅಡುಗೆಮನೇಲಿದಾರೆ," ಎಂದು ಗುಂಡಿ ಒತ್ತಿದಳು.

ಪಾತ್ರೆಯ ಸದ್ದು. ನೀರಿನ ಸದ್ದು. ಎಳೆಯ ಗಂಡು ದನಿ: "ರಜಕ್ಕೆ ಅಪ್ಪನ ಮನೆಗೆ ಹೋಗ್ತಿದೀನಿ. ನೀನೂ ಬಾರೇ." ಮೌನ. "ಅಥವಾ... ನಿನಗೆ ಪ್ರಬಂಧದ ಕೆಲಸ ಇರುತ್ತೇನೋ." ಎಳೆಯ ಹೆಣ್ಣು ದನಿ: "ಹೌದು. ಇದೆ."

ವರ್ನಾ ಆ ದನಿಗಳನ್ನು ಗುರುತಿಸಿದಳು. ಆ ಸುಳ್ಳು ಹೆಸರುಗಳನ್ನು ತಾನೂ ಕ್ಲೈಡನೂ ತಮಗೇ ಇಟ್ಟುಕೊಂಡಿದ್ದರು, ನಗುತ್ತಾ ನಗುತ್ತಾ. ಕ್ಲೈಡ್ ಮೇಜನ್ನೇ ನೋಡುತ್ತಿದ್ದ.

"ಪಾಠದ ಪುಸ್ತಕದಲ್ಲಿ ಇರೋ ಹಾಗೇ ಇದೆ," ಎಂದಳು ಕನ್ಸ್ವೆಲೊ. "ಕರೆದ ಮೇಲೆ ಇಷ್ಟು ಹೊತ್ತು ಸುಮ್ಮನಿದ್ದಾಳೆ ಅಂದ್ರೆ 'ಇಲ್ಲ' ಅನ್ನೋಕೆ ಹೊರಟಿದ್ದಾಳೆ ಅಂತ. ಬರ್ಟ್‌ಗೆ ಅದು ಗೊತ್ತಾಗಿದೆ. ಅವಳಿಗೆ ಮುಜುಗರ ಆಗಬಾರದು ಅಂತ ತಾನೇ ನೆಪ ಎತ್ತಿಕೊಟ್ಟ. ಪಾಪ, ಒಳ್ಳೇ ಹುಡುಗ."

ಎಲ್ಲರೂ ಹೌದು ಹೌದೆಂದರು. ವರ್ನಾಳಿಗೆ ತಡೆಯಲಾಗಲಿಲ್ಲ.

"ಅವಳು ಸುಮ್ಮನಿರಲಿಲ್ಲ. ಆಗಲಿ, ಬರ್ತೀನಿ ಅಂತ ತಲೆ ಆಡಿಸಿದಳು. ಅದನ್ನ ನೋಡಿಯೂ ಅವನು ಮಾತು ತಿರುಗಿಸಿದ."

ಕನ್ಸ್ವೆಲೊ ನಕ್ಕಳು. "ಟೇಪಿನಲ್ಲಿ ಅದೆಲ್ಲಿದೆ? ನಿಮ್ಮದೇ ನಿಯಮ, ಮೇಡಂ. ಕಾಫಿ ನಿಮ್ಮದು!"

"ನೀರಿನ ಸದ್ದು ಕೇಳಿ," ಎಂದ ಕ್ಲೈಡ್. ದನಿ ಒಣಗಿತ್ತು. "ಬರ್ಟ್ ತೊಟ್ಟಿಯ ಹತ್ತಿರ ಪಾಸ್ತಾ ಬಸೀತಾ ಇದ್ದ. ಅವನ ಬೆನ್ನು ಅವಳ ಕಡೆಗಿತ್ತು. ಎದುರಿಗೆ ನಿಂತು ಕೇಳೋಕೆ ಧೈರ್ಯ ಇರಲಿಲ್ಲ ಅವನಿಗೆ. ಮೌನ ಅಂದ್ರೆ 'ಇಲ್ಲ' ಅನ್ನೋ ಪಾಠ ಆ ವಾರವಷ್ಟೇ ಕಲಿತಿದ್ದ, ದೊಡ್ಡ ಪಂಡಿತ. ಹಿಂದೆ ತಿರುಗಿ ನೋಡಿದ್ರೆ ಆಗಿತ್ತು. ನೋಡಲಿಲ್ಲ."

ಕನ್ಸ್ವೆಲೊಳ ನಗು ಅರ್ಧಕ್ಕೆ ನಿಂತಿತು. ಜಾಣೆ, ತಲೆ ತಗ್ಗಿಸಿ ಕ್ಯಾಸೆಟ್ಟಿನ ಡಬ್ಬಿಯನ್ನು ಹುಡುಕತೊಡಗಿದಳು.

ಅವನು ಬೇಡವೆಂದಿರಲೇ ಇಲ್ಲ. ವರ್ನಾಳಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಅದರ ಬೆನ್ನಿಗೇ ಕಳೆದ ವರ್ಷಗಳ ಲೆಕ್ಕ ಬಂತು. ಮೂವತ್ತು ವರ್ಷ ಇಬ್ಬರೂ ಒಂದೇ ಗೋಡೆಯ ಆಚೀಚೆ ಕೂತು, ಲೋಕದವರ ಮಾತನ್ನೆಲ್ಲ ಬಿಡಿಸಿ ಬಿಡಿಸಿ ನೋಡಿದ್ದರು.

ಕೆಳಗೆ ಕಾರಿನ ಹಾರ್ನ್ ಕೇಳಿಸಿತು. ನಡೀನ್ ಬಂದಿದ್ದಳು. ಕ್ಲೈಡ್ ಎದ್ದ, ಕೋಟು ಹಾಕಿಕೊಂಡ. ಬಾಗಿಲವರೆಗೆ ಹೋದವನು ವಾಪಸು ಬಂದು ಕನ್ಸ್ವೆಲೊಳ ಪೆನ್ಸಿಲ್ ತೆಗೆದುಕೊಂಡು, ಹಾಳೆಯಲ್ಲಿ ಮೌನದ ಗುರುತಿನ ಪಕ್ಕ ಜೋಡಿ ಕಂಸ ಹಾಕಿ ಬರೆದ: ಜಾಯ್ಸ್ ಒಪ್ಪಿ ತಲೆಯಾಡಿಸುತ್ತಾಳೆ.

ಆಮೇಲೆ ಹಾಳೆಯನ್ನು ವರ್ನಾಳ ಮುಂದೆ ಸರಿಸಿ, ಮೇಜಿನ ಆ ಬದಿಯಿಂದ ಅವಳ ಮುಖವನ್ನೇ ನೋಡುತ್ತಾ ಕೇಳಿದ: "ಸರಿ ಇದೆಯಾ?"

ವರ್ನಾ ತಲೆಯಾಡಿಸಿದಳು. ಕ್ಲೈಡ್ ನೋಡಿದ.